ದುಡ್ಡೂ ಜಾಸ್ತಿ, ಸೂರಿಲ್ಲದವರೂ ಜಾಸ್ತಿ: ಅಮೆರಿಕದ ಲೆಕ್ಕ ಎಲ್ಲಿ ತಪ್ಪುತ್ತಿದೆ?

2025ರ ನವೆಂಬರ್ 13ರಂದು ಅಮೆರಿಕದ ಕೇಂದ್ರ ವಸತಿ ಇಲಾಖೆ ಒಂದು ಪ್ರಕಟಣೆ ಹೊರಡಿಸಿತು. ಅಲ್ಲಿ ಎಲ್ಲರೂ 'ಹಡ್' ಅಂತ ಕರೆಯುವುದು ಈ ಇಲಾಖೆಯನ್ನೇ. ಮನೆಯಿಲ್ಲದವರಿಗಾಗಿ ಕೊಡುವ ಸುಮಾರು 390 ಕೋಟಿ ಡಾಲರ್ ಅನುದಾನವನ್ನು ಇನ್ನು ಮುಂದೆ ಹೇಗೆ ಹಂಚುತ್ತೇವೆ ಎಂದು ಅದರಲ್ಲಿ ಹೇಳಿತ್ತು. ಅಲ್ಲಿಯವರೆಗೆ ಈ ದುಡ್ಡಿನಲ್ಲಿ ನೂರಕ್ಕೆ 87ರಷ್ಟು ಕಾಯಂ ಮನೆಗಳಿಗೆ ಹೋಗುತ್ತಿತ್ತು. ಅಂದರೆ ಬಾಡಿಗೆಗೆ, ಜೊತೆಗೆ ಅಲ್ಲಿ ಇರುವವರಿಗೆ ಬೇಕಾದ ಸೇವೆಗಳಿಗೆ. ಹೊಸ ನಿಯಮದ ಪ್ರಕಾರ ಯಾವ ಊರೂ ತನ್ನ ಪಾಲಿನಲ್ಲಿ ನೂರಕ್ಕೆ 30ಕ್ಕಿಂತ ಜಾಸ್ತಿ ಇದಕ್ಕೆ ಕೊಡುವಂತಿರಲಿಲ್ಲ. ಉಳಿದದ್ದು ತಾತ್ಕಾಲಿಕ ವಸತಿ, ಚಿಕಿತ್ಸೆ, ಕೆಲಸದ ತರಬೇತಿಯಂಥವಕ್ಕೆ ಹೋಗಬೇಕಿತ್ತು.

ಗಮನಿಸಿ, ಒಟ್ಟು ಮೊತ್ತಕ್ಕೆ ಇಲ್ಲಿ ಕತ್ತರಿ ಬಿದ್ದಿಲ್ಲ. ದುಡ್ಡು ಅಷ್ಟೇ ಇದೆ, ಹೋಗುವ ದಾರಿ ಬೇರೆ.

ಇದರ ವಿರುದ್ಧ ಹಲವು ರಾಜ್ಯಗಳು, ನಗರಗಳು, ಸಂಸ್ಥೆಗಳು ಕೋರ್ಟಿಗೆ ಹೋದವು. ಡಿಸೆಂಬರ್ 8ರಂದು ವಿಚಾರಣೆಗೆ ಸ್ವಲ್ಪ ಮುಂಚೆ ಇಲಾಖೆಯೇ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಿತು. ಬದಲಾವಣೆ ಮಾಡಿ ಮತ್ತೆ ತರುತ್ತೇವೆ ಎಂದಿತು. ಡಿಸೆಂಬರ್ 19ರಂದು ರೋಡ್ ಐಲೆಂಡ್‌ನ ಫೆಡರಲ್ ನ್ಯಾಯಾಧೀಶೆ ಮೇರಿ ಮ್ಯಾಕೆಲ್ರಾಯ್ ಹೊಸ ಷರತ್ತುಗಳಿಗೆ ತಾತ್ಕಾಲಿಕ ತಡೆ ಕೊಟ್ಟರು.

ಸುದ್ದಿ ಓದಿದವರಿಗೆ ತಲೆ ಕೆಡುವುದು ಇದರ ಹಿಂದಿನ ವಾದ ಕೇಳಿದಾಗ. ಷರತ್ತಿಲ್ಲದೆ ಕಾಯಂ ಮನೆ ಕೊಡುವ ಈ ಪದ್ಧತಿ ಸೋತಿದೆ, ಇಷ್ಟು ವರ್ಷ ದುಡ್ಡು ಸುರಿದರೂ ಬೀದಿಯಲ್ಲಿ ಮಲಗುವವರು ಹೆಚ್ಚುತ್ತಲೇ ಇದ್ದಾರೆ ಅಂತ ಒಂದು ಕಡೆ. ಈ ಪದ್ಧತಿ ಗೆದ್ದಿದೆ, ಅಧ್ಯಯನಗಳನ್ನು ನೋಡಿ ಅಂತ ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ಅಂಕಿಅಂಶ ಇದೆ. ಇಬ್ಬರದ್ದೂ ಸುಳ್ಳಲ್ಲ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ?

ಮೊದಲು ಮೆಟ್ಟಿಲು, ಆಮೇಲೆ ಬೀಗದ ಕೈ

ಅಮೆರಿಕದ ಕೇಂದ್ರ ಸರ್ಕಾರ ಮನೆಯಿಲ್ಲದವರಿಗೆ ಅಂತಲೇ ದೊಡ್ಡ ಮಟ್ಟದಲ್ಲಿ ದುಡ್ಡು ಕೊಡಲು ಶುರು ಮಾಡಿದ್ದು 1987ರಲ್ಲಿ. ರೊನಾಲ್ಡ್ ರೇಗನ್ ಸಹಿ ಹಾಕಿದ ಮೆಕಿನ್ನಿ ಕಾಯ್ದೆಯಿಂದ. ಆಗಿನ ಪದ್ಧತಿ ಮೆಟ್ಟಿಲು ಹತ್ತುವ ಹಾಗಿತ್ತು. ಮೊದಲು ರಾತ್ರಿ ಮಲಗುವ ಶೆಲ್ಟರ್. ಅಲ್ಲಿ ಶಿಸ್ತಾಗಿದ್ದರೆ ತಾತ್ಕಾಲಿಕ ವಸತಿ. ಅಲ್ಲಿ ಕುಡಿತ, ಡ್ರಗ್ಸ್ ಬಿಟ್ಟು, ಮಾತ್ರೆ ಸರಿಯಾಗಿ ನುಂಗಿ, ಹೇಳಿದ ಸಭೆಗಳಿಗೆ ಹೋದರೆ ಕೊನೆಗೆ ಸ್ವಂತ ಬೀಗದ ಕೈ. ನಡುವೆ ಎಲ್ಲಾದರೂ ಜಾರಿದರೆ ಮತ್ತೆ ಬೀದಿ. ಮತ್ತೆ ಮೊದಲನೇ ಮೆಟ್ಟಿಲು.

ತೀರಾ ಕಷ್ಟದಲ್ಲಿ ಇದ್ದವರೇ ಈ ಮೆಟ್ಟಿಲಲ್ಲಿ ಹೆಚ್ಚು ಜಾರುತ್ತಿದ್ದರು. ಮನಸ್ಸಿನ ಕಾಯಿಲೆ ಇರುವವರು, ವರ್ಷಗಟ್ಟಲೆ ಬೀದಿಯಲ್ಲಿ ಕಳೆದವರು. ಮಾತ್ರೆ ಇಟ್ಟುಕೊಳ್ಳಲು ಜಾಗ ಇಲ್ಲದವನಿಗೆ ದಿನಾ ಮಾತ್ರೆ ತಗೋ ಅಂದರೆ ಅವನಾದರೂ ಏನು ಮಾಡಬೇಕು?

1992ರಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ನ್ಯೂಯಾರ್ಕ್‌ನಲ್ಲಿ ಇದನ್ನು ತಿರುಗಿಸಿ ಹಾಕಿದರು. ಮೊದಲು ಮನೆ ಕೊಡಿ, ಷರತ್ತು ಬೇಡ. ಬಾಡಿಗೆಗೆ ಆದಾಯದ ಒಂದು ಪಾಲು ಕೊಡಲಿ, ವಾರಕ್ಕೊಮ್ಮೆಯಾದರೂ ನಮ್ಮವರು ಬಂದು ನೋಡಲಿ. ಚಿಕಿತ್ಸೆ ಬೇಕೆಂದಾಗ ಸಿಗಲಿ, ಬೇಡವೆಂದರೆ ಮನೆ ಹೋಗದಿರಲಿ. ಇದಕ್ಕೆ 'ಹೌಸಿಂಗ್ ಫಸ್ಟ್' ಅನ್ನುವ ಹೆಸರು ಬಂತು. ಐದು ವರ್ಷದ ನಂತರ ನೋಡಿದಾಗ ಅವರ ಕಾರ್ಯಕ್ರಮದಲ್ಲಿ ನೂರಕ್ಕೆ 88 ಜನ ಮನೆಯಲ್ಲೇ ಉಳಿದಿದ್ದರು. ನಗರದ ಹಳೇ ಪದ್ಧತಿಯಲ್ಲಿ ಉಳಿದಿದ್ದವರು 47.

ಇದನ್ನು ಈಗ ಎಡಪಂಥದವರ ಕೂಸು ಅಂತ ಬೈಯುವುದುಂಟು. ಆದರೆ ದೇಶದ ನೀತಿಯ ಮಟ್ಟಕ್ಕೆ ಇದನ್ನು ತಂದದ್ದು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಆಡಳಿತ. ಲೆಕ್ಕಾಚಾರದವರಿಗೆ ಇದು ಹಿಡಿಸಿತ್ತು. ಆಸ್ಪತ್ರೆ, ಜೈಲು, ಆಂಬುಲೆನ್ಸ್ ಅಂತ ಒಬ್ಬನ ಮೇಲೆ ಹೇಗೂ ಖರ್ಚಾಗುತ್ತದೆ, ಅದರ ಬದಲು ಬಾಡಿಗೆ ಕೊಡೋಣ ಅನ್ನುವ ಲೆಕ್ಕ. ಆ ಲೆಕ್ಕದಲ್ಲೇ ಒಂದು ಎಡವಟ್ಟಿದೆ. ಅದನ್ನು ಮುಂದೆ ನೋಡೋಣ.

ಟೀಕೆ ಮಾಡುವವರು ಹೇಳುವುದು

ಅಧ್ಯಕ್ಷ ಟ್ರಂಪ್ 2025ರ ಜುಲೈ 24ರಂದು ಹೊರಡಿಸಿದ ಆದೇಶದಲ್ಲಿ ಹೌಸಿಂಗ್ ಫಸ್ಟ್‌ಗೆ ಕೊಡುವ ಬೆಂಬಲ ನಿಲ್ಲಬೇಕು ಎಂದು ಹೇಳಿದ್ದರು. ನವೆಂಬರ್ ಪ್ರಕಟಣೆ ಅದರ ಮುಂದಿನ ಹೆಜ್ಜೆ. ಷರತ್ತಿಲ್ಲದೆ ಮನೆ ಕೊಟ್ಟರೆ ಜನ ಚಟದಲ್ಲೇ ಉಳಿಯುತ್ತಾರೆ, ತಮ್ಮ ಕಾಲ ಮೇಲೆ ನಿಲ್ಲುವುದಿಲ್ಲ ಎಂಬುದು ಆಡಳಿತದ ವಾದ.

ಅವರ ಬಲವಾದ ಅಂಕಿ ಇದು. 2007ರಿಂದ ಈಚೆಗೆ ದೇಶದಲ್ಲಿ ಸೇವೆ ಸಮೇತ ಕಾಯಂ ವಸತಿಯ ಹಾಸಿಗೆಗಳು ಎರಡು ಪಟ್ಟಿಗೂ ಜಾಸ್ತಿಯಾಗಿವೆ. ಆದರೂ 2024ರ ಜನವರಿಯ ಒಂದು ರಾತ್ರಿ ಎಣಿಸಿದಾಗ 7,71,480 ಜನ ಮನೆಯಿಲ್ಲದೆ ಇದ್ದರು. ಎಣಿಕೆ ಶುರುವಾದಾಗಿನಿಂದ ಅಲ್ಲಿಯವರೆಗೆ ಇದೇ ದೊಡ್ಡ ಸಂಖ್ಯೆ. ಹಿಂದಿನ ವರ್ಷಕ್ಕಿಂತ ನೂರಕ್ಕೆ 18 ಜಾಸ್ತಿ. ಅವರಲ್ಲಿ ಸುಮಾರು 2.74 ಲಕ್ಷ ಜನಕ್ಕೆ ಶೆಲ್ಟರ್ ಕೂಡ ಇರಲಿಲ್ಲ. ಔಷಧಿ ಕೊಟ್ಟಷ್ಟೂ ಕಾಯಿಲೆ ಹೆಚ್ಚುತ್ತಿದೆ ಅಂದರೆ ಔಷಧಿ ಸರಿಯಿಲ್ಲ ಅಲ್ವಾ, ಅಂತ ಅವರು ಕೇಳುತ್ತಾರೆ.

ಅವರ ಕೈಯಲ್ಲಿ ಇನ್ನೂ ಎರಡು ಮಾತಿವೆ. 2018ರಲ್ಲಿ ಅಮೆರಿಕದ ವಿಜ್ಞಾನಿಗಳ ಸಂಸ್ಥೆ ನ್ಯಾಷನಲ್ ಅಕಾಡೆಮೀಸ್ ಎಲ್ಲ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿತು. ಎಚ್‌ಐವಿ ಇರುವವರನ್ನು ಬಿಟ್ಟರೆ, ಇಂಥ ವಸತಿಯಿಂದ ಆರೋಗ್ಯ ಸುಧಾರಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದಿತು. ಬಾಸ್ಟನ್‌ನಲ್ಲಿ ಬಹಳ ವರ್ಷ ಬೀದಿಯಲ್ಲಿದ್ದು ಮನೆ ಪಡೆದ 73 ಜನರನ್ನು 14 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಮೊದಲ ವರ್ಷ ನೂರಕ್ಕೆ 82 ಜನ ಮನೆ ಉಳಿಸಿಕೊಂಡಿದ್ದರು. ಐದು ವರ್ಷದ ಹೊತ್ತಿಗೆ ಅದು 36ಕ್ಕೆ ಇಳಿದಿತ್ತು. ಕೊನೆಗೆ ಹತ್ತಿರ ಹತ್ತಿರ ಅರ್ಧ ಜನ ತೀರಿಕೊಂಡಿದ್ದರು.

ಈ ಟೀಕೆಯನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಬೆಂಬಲಿಸುವವರು ಹೇಳುವುದು

ಕೆನಡಾ 2009ರಿಂದ 2013ರವರೆಗೆ ಐದು ನಗರಗಳಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿತು. ಮನಸ್ಸಿನ ಕಾಯಿಲೆ ಇದ್ದು ಮನೆಯಿಲ್ಲದ 2,000ಕ್ಕೂ ಜಾಸ್ತಿ ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹೌಸಿಂಗ್ ಫಸ್ಟ್, ಇನ್ನೊಂದಕ್ಕೆ ಊರಲ್ಲಿ ಮಾಮೂಲಿ ಸಿಗುವ ಸೇವೆ. ಕೊನೆಯ ಆರು ತಿಂಗಳು ಪೂರ್ತಿ ಮನೆಯಲ್ಲಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 62, ಎರಡನೆಯದರಲ್ಲಿ 31. ಡೆನ್ವರ್ ನಗರದಲ್ಲಿ ಪದೇಪದೇ ಜೈಲಿಗೆ ಹೋಗಿ ಬರುತ್ತಿದ್ದವರಿಗೆ ಮನೆ ಕೊಟ್ಟಾಗ ಮೂರು ವರ್ಷದ ನಂತರವೂ ನೂರಕ್ಕೆ 77 ಜನ ಮನೆಯಲ್ಲೇ ಇದ್ದರು. ಪೊಲೀಸರ ಕೈಗೆ ಸಿಗುವುದು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು.

ಇನ್ನೂ ದೊಡ್ಡ ಉದಾಹರಣೆ ಮಾಜಿ ಸೈನಿಕರದ್ದು. 2010ರಲ್ಲಿ ಮನೆಯಿಲ್ಲದ ಮಾಜಿ ಸೈನಿಕರು 74,087. 2024ರಲ್ಲಿ 32,882. ಉಳಿದ ಎಲ್ಲರ ಸಂಖ್ಯೆ ಏರಿದ ಅದೇ ವರ್ಷಗಳಲ್ಲಿ ಇವರದ್ದು ಅರ್ಧಕ್ಕಿಂತ ಕೆಳಗೆ ಬಂತು. ಇವರಿಗೆ ಕೊಟ್ಟದ್ದು ಬೇರೇನೂ ಅಲ್ಲ, ಅದೇ ಬಾಡಿಗೆ ವೋಚರ್ (ಬಾಡಿಗೆಯ ದೊಡ್ಡ ಪಾಲನ್ನು ಸರ್ಕಾರ ಕೊಡುತ್ತದೆ ಅನ್ನುವ ಚೀಟಿ), ಅದೇ ಹೌಸಿಂಗ್ ಫಸ್ಟ್. ವ್ಯತ್ಯಾಸ ಎರಡೇ. ವೋಚರ್‌ಗಳ ಸಂಖ್ಯೆ ಸಮಸ್ಯೆಯ ಗಾತ್ರಕ್ಕೆ ತಕ್ಕಂತಿತ್ತು, ಒಂದು ಲಕ್ಷಕ್ಕೂ ಜಾಸ್ತಿ. ಜೊತೆಗೆ ಮಾಜಿ ಸೈನಿಕರ ಆಸ್ಪತ್ರೆ ವ್ಯವಸ್ಥೆಯಿಂದ, ಒಬ್ಬೊಬ್ಬರ ಬೆನ್ನಿಗೆ ನಿಂತು ನೆರವಾಗುವ ಕೇಸ್ ವರ್ಕರ್‌ಗಳು ವೋಚರ್ ಜೊತೆಗೇ ಬರುತ್ತಿದ್ದರು.

ಇದನ್ನು ಓದಿದ ಮೇಲೆ ಔಷಧಿಯೇ ಸರಿಯಿಲ್ಲ ಅನ್ನುವುದು ಕಷ್ಟ. ಒಂದೇ ಔಷಧಿ ಒಬ್ಬರಿಗೆ ಪೂರ್ತಿ ಡೋಸ್ ಸಿಕ್ಕಿದೆ, ಉಳಿದವರಿಗೆ ಚಮಚದಲ್ಲಿ.

ಕೆರೆಗೆ ಬರುವ ನೀರು

ಜನವರಿಯ ಎಣಿಕೆ ಹೇಗೆ ನಡೆಯುತ್ತದೆ ನೋಡಿ. ತಿಂಗಳ ಕೊನೆಯ ಹತ್ತು ದಿನಗಳಲ್ಲಿ ಒಂದು ರಾತ್ರಿ ಆರಿಸುತ್ತಾರೆ. ಸ್ವಯಂಸೇವಕರು ಟಾರ್ಚ್, ಫೋನ್ ಹಿಡಿದು ಹೊರಡುತ್ತಾರೆ. ಸೇತುವೆ ಕೆಳಗೆ, ಪಾರ್ಕಿನ ಬೆಂಚಿನ ಮೇಲೆ, ಗಾಜಿಗೆ ಬಟ್ಟೆ ಕಟ್ಟಿದ ಕಾರಿನೊಳಗೆ ಯಾರಿದ್ದಾರೆ ಅಂತ ನೋಡುತ್ತಾರೆ. ಶೆಲ್ಟರ್‌ನಲ್ಲಿ ಇರುವವರ ಪಟ್ಟಿ ಅದಕ್ಕೆ ಸೇರುತ್ತದೆ. ಅಕ್ಕನ ಮನೆ ಸೋಫಾದ ಮೇಲೆ ಮಲಗಿದವನು ಈ ಲೆಕ್ಕಕ್ಕೆ ಬರುವುದಿಲ್ಲ. ಇಡೀ ವರ್ಷದಲ್ಲಿ ಎಷ್ಟು ಜನ ಹೊಸದಾಗಿ ಬೀದಿಗೆ ಬಂದರು, ಎಷ್ಟು ಜನ ಮನೆ ಸೇರಿದರು ಅನ್ನುವುದೂ ಇದರಿಂದ ಗೊತ್ತಾಗುವುದಿಲ್ಲ. ಗೊತ್ತಾಗುವುದು ಆ ರಾತ್ರಿಯ ಮಟ್ಟ ಮಾತ್ರ.

ಕೆರೆಯ ಮಟ್ಟ ಅಳೆದ ಹಾಗೆ ಇದು. ನೀರು ಏರಿದ್ದು ನೋಡಿ ತೂಬು ಕೆಟ್ಟಿದೆ ಅಂತ ತೀರ್ಮಾನಿಸಿದರೆ ಹೇಗೆ? ತೂಬಿನಲ್ಲಿ ಎಷ್ಟು ಹೊರಗೆ ಹೋಗುತ್ತಿದೆ, ಮೇಲಿನ ಹಳ್ಳದಿಂದ ಎಷ್ಟು ಒಳಗೆ ಬರುತ್ತಿದೆ, ಎರಡನ್ನೂ ನೋಡಬೇಡವೇ?

ಲಾಸ್ ಏಂಜಲೀಸ್ 2020ರಲ್ಲಿ ಈ ಎರಡೂ ಲೆಕ್ಕವನ್ನು ಒಟ್ಟಿಗೆ ಕೊಟ್ಟಿತ್ತು. ದಿನಕ್ಕೆ ಸರಾಸರಿ 207 ಜನ ಬೀದಿಯಿಂದ ಮನೆ ಸೇರುತ್ತಿದ್ದರು. ದಿನಕ್ಕೆ 227 ಜನ ಹೊಸದಾಗಿ ಮನೆ ಕಳೆದುಕೊಳ್ಳುತ್ತಿದ್ದರು. ದಿನಾ 207 ಜನಕ್ಕೆ ಸೂರು ಸಿಗುವುದು ಸಣ್ಣ ಸಾಧನೆಯಲ್ಲ. ಆದರೂ ಬೀದಿಯಲ್ಲಿ ಓಡಾಡುವ ತೆರಿಗೆದಾರನ ಕಣ್ಣಿಗೆ ಕಾಣುವುದು ದಿನಕ್ಕೆ 20ರ ಏರಿಕೆ ಮಾತ್ರ. ಅವನ ಸಿಟ್ಟೂ ನ್ಯಾಯವೇ, ಆ ಕೆಲಸ ಮಾಡಿದವರ ಹೆಮ್ಮೆಯೂ ನ್ಯಾಯವೇ.

ಒಳಹರಿವು ಬರುವುದು ಎಲ್ಲಿಂದ? ಬಹುಪಾಲು ಬಾಡಿಗೆಯಿಂದ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2020ರಲ್ಲಿ ಹೇಳಿದಂತೆ, ಊರಿನ ನಡುಮಟ್ಟದ ಬಾಡಿಗೆ 100 ಡಾಲರ್ ಏರಿದಲ್ಲಿ ಮನೆಯಿಲ್ಲದವರ ಪ್ರಮಾಣ ಸುಮಾರು ನೂರಕ್ಕೆ 9 ಜಾಸ್ತಿ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 3,200 ಮನೆಯಿಲ್ಲದವರನ್ನು ಮಾತಾಡಿಸಿದ 2023ರ ಸಮೀಕ್ಷೆಯ ಪ್ರಕಾರ, ಮನೆ ಕಳೆದುಕೊಳ್ಳುವ ಮುಂಚಿನ ಆರು ತಿಂಗಳಲ್ಲಿ ಅವರ ಕುಟುಂಬದ ನಡುಮಟ್ಟದ ಆದಾಯ ತಿಂಗಳಿಗೆ 960 ಡಾಲರ್. ಆ ರಾಜ್ಯದ ಹೆಚ್ಚಿನ ದೊಡ್ಡ ನಗರಗಳಲ್ಲಿ ಅದು ಒಂದು ಮನೆಯ ಬಾಡಿಗೆಗೇ ಸಾಲುವುದಿಲ್ಲ. ಅವರೆಲ್ಲ ಬೇರೆ ರಾಜ್ಯದಿಂದ ಬೆಚ್ಚಗಿನ ಹವೆ ಹುಡುಕಿ ಬಂದವರು ಅನ್ನುವ ಮಾತೂ ನಿಲ್ಲಲಿಲ್ಲ. ಹತ್ತರಲ್ಲಿ ಒಂಬತ್ತು ಜನ ಮನೆ ಕಳೆದುಕೊಂಡದ್ದು ಕ್ಯಾಲಿಫೋರ್ನಿಯಾದಲ್ಲೇ.

ಹಾಗಾದರೆ ಡ್ರಗ್ಸ್? ಡ್ರಗ್ಸ್ ಸಾವುಗಳಲ್ಲಿ ದೇಶಕ್ಕೇ ಮುಂದಿರುವ ರಾಜ್ಯಗಳಲ್ಲಿ ವೆಸ್ಟ್ ವರ್ಜೀನಿಯಾ ಒಂದು. ಜನಸಂಖ್ಯೆಗೆ ಹೋಲಿಸಿದರೆ ಅಲ್ಲಿ ಮನೆಯಿಲ್ಲದವರು ಕ್ಯಾಲಿಫೋರ್ನಿಯಾಕ್ಕಿಂತ ಎಷ್ಟೋ ಕಡಿಮೆ. ಅಲ್ಲಿ ಬಾಡಿಗೆ ಅಗ್ಗ. ಚಟ ಇದ್ದವನಿಗೂ ಒಂದು ರೂಮು ಹೇಗೋ ಸಿಗುತ್ತದೆ. ಯಾರು ಮೊದಲು ಮನೆ ಕಳೆದುಕೊಳ್ಳುತ್ತಾರೆ ಅನ್ನುವುದಕ್ಕೆ ಚಟ ಕಾರಣವಾಗಬಹುದು. ಒಟ್ಟು ಎಷ್ಟು ಜನ ಕಳೆದುಕೊಳ್ಳುತ್ತಾರೆ ಅನ್ನುವುದನ್ನು ಬಾಡಿಗೆಯೇ ನಿರ್ಧರಿಸುತ್ತದೆ.

2024ರ ಏರಿಕೆಗೆ ಇನ್ನೂ ಕೆಲವು ಕಾರಣಗಳಿದ್ದವು. ನ್ಯೂಯಾರ್ಕ್, ಶಿಕಾಗೊ, ಡೆನ್ವರ್‌ಗಳಿಗೆ ಆಶ್ರಯ ಕೇಳಿ ಬಂದ ವಲಸೆ ಕುಟುಂಬಗಳು ಶೆಲ್ಟರ್ ತುಂಬಿದವು. 2023ರ ಆಗಸ್ಟ್‌ನಲ್ಲಿ ಹವಾಯಿಯ ಮಾವಿ ದ್ವೀಪದ ಬೆಂಕಿಯಲ್ಲಿ ಮನೆ ಸುಟ್ಟವರಲ್ಲಿ 5,200ಕ್ಕೂ ಜಾಸ್ತಿ ಜನ ಎಣಿಕೆಯ ರಾತ್ರಿ ತಾತ್ಕಾಲಿಕ ವಸತಿಯಲ್ಲಿದ್ದರು. ಕೋವಿಡ್ ಕಾಲದ ಬಾಡಿಗೆ ನೆರವು ಮುಗಿದಿತ್ತು. ಇದರಲ್ಲಿ ಯಾವುದಕ್ಕೂ ಹೌಸಿಂಗ್ ಫಸ್ಟ್ ಕಾರಣವಲ್ಲ. ಆ ಕಾರ್ಯಕ್ರಮ ಇರುವುದೇ ಮುಖ್ಯವಾಗಿ ಬಹಳ ಕಾಲದಿಂದ ಮನೆಯಿಲ್ಲದ, ಅಂಗವೈಕಲ್ಯ ಅಥವಾ ಕಾಯಿಲೆ ಇರುವವರಿಗೆ. 2024ರ ಎಣಿಕೆಯಲ್ಲಿ ಅಂಥವರು ಸುಮಾರು ಒಂದೂವರೆ ಲಕ್ಷ, ಅಂದರೆ ಐದರಲ್ಲಿ ಒಬ್ಬರು.

ಉಳಿತಾಯ ಎಂಬ ಎಡವಟ್ಟು

ಬೆಂಬಲಿಗರೂ ಒಂದು ತಪ್ಪು ಮಾಡಿದ್ದಾರೆ. ಮನೆ ಕೊಟ್ಟರೆ ಸರ್ಕಾರಕ್ಕೆ ದುಡ್ಡು ಉಳಿಯುತ್ತದೆ ಅಂತ ಬಹಳ ವರ್ಷ ಹೇಳಿಕೊಂಡು ಬಂದರು. ಇದಕ್ಕೆ ಮೂಲ ನ್ಯೂಯಾರ್ಕ್‌ನ 2002ರ ಅಧ್ಯಯನ. ತೀವ್ರ ಮಾನಸಿಕ ಕಾಯಿಲೆ ಇರುವ ಮನೆಯಿಲ್ಲದವನೊಬ್ಬನ ಮೇಲೆ ಶೆಲ್ಟರ್, ಆಸ್ಪತ್ರೆ, ಜೈಲು ಸೇರಿ ವರ್ಷಕ್ಕೆ ಸುಮಾರು 40,000 ಡಾಲರ್ ಖರ್ಚಾಗುತ್ತಿತ್ತು. ಮನೆ ಕೊಟ್ಟ ಮೇಲೆ ಅದರಲ್ಲಿ ಸುಮಾರು 16,000 ಡಾಲರ್ ಇಳಿಯಿತು. ಮನೆ ಮತ್ತು ಸೇವೆಯ ಖರ್ಚಿನ ಬಹುಪಾಲು ಅದರಲ್ಲೇ ಹುಟ್ಟಿತು.

ಆದರೆ ಅದು ತೀರಾ ದುಬಾರಿ ಗುಂಪಿನ ಲೆಕ್ಕ. ಕೆನಡಾದ ಪ್ರಯೋಗದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹೆಚ್ಚು ನೆರವು ಬೇಕಿದ್ದವರ ಮೇಲೆ ಖರ್ಚು ಮಾಡಿದ ಪ್ರತಿ 10 ಡಾಲರ್‌ಗೆ 9.60 ವಾಪಸ್ ಉಳಿಯಿತು. ಸಾಧಾರಣ ನೆರವು ಬೇಕಿದ್ದವರಲ್ಲಿ ಉಳಿದದ್ದು 3.42 ಮಾತ್ರ. ಡೆನ್ವರ್‌ನಲ್ಲಿ ಖರ್ಚಿನ ಸುಮಾರು ಅರ್ಧ ವಾಪಸ್ ಬಂತು. ಅಂದರೆ ಮನೆ ಕೊಡುವುದು ನಾವು ಅಂದುಕೊಂಡಷ್ಟು ದುಬಾರಿಯಲ್ಲ. ಆದರೆ ಪುಕ್ಕಟೆಯೂ ಅಲ್ಲ.

ಇನ್ನೊಂದು ತೊಡಕು, ಖರ್ಚಾಗುವ ಜೇಬು ಒಂದು, ಉಳಿಯುವ ಜೇಬು ಇನ್ನೊಂದು. ಬಾಡಿಗೆ ಕೊಡುವುದು ನಗರ ಅಥವಾ ವಸತಿ ಇಲಾಖೆ. ಆಸ್ಪತ್ರೆ ಬಿಲ್ ಕಡಿಮೆಯಾದರೆ ಲಾಭ ಆರೋಗ್ಯ ವಿಮೆ ಕೊಡುವ ಕೇಂದ್ರಕ್ಕೆ, ರಾಜ್ಯಕ್ಕೆ. ಜೈಲಿನಲ್ಲಿ ಒಂದು ಹಾಸಿಗೆ ಖಾಲಿಯಾದರೆ ಅದನ್ನು ನಡೆಸುವ ಕೌಂಟಿಯ, ಅಂದರೆ ಜಿಲ್ಲಾಡಳಿತದ, ದುಡ್ಡು ನಿಜವಾಗಿ ಉಳಿಯುವುದೂ ಇಲ್ಲ. ಕಾವಲುಗಾರನ ಸಂಬಳ ನಿಲ್ಲಬೇಕಲ್ಲ! ಉಳಿತಾಯದ ಮಾತು ನಂಬಿ ಮತ ಹಾಕಿದವರಿಗೆ ಮುಂದಿನ ವರ್ಷದ ಬಜೆಟ್‌ನಲ್ಲಿ ಆ ಉಳಿತಾಯ ಕಾಣಲಿಲ್ಲ. ಮೋಸ ಹೋದೆವು ಅಂತ ಅವರಿಗೆ ಅನ್ನಿಸಿದ್ದರೆ ಅದಕ್ಕೆ ಈ ಮಾತು ಕೊಟ್ಟವರೂ ಹೊಣೆ.

ಕ್ಯಾಲಿಫೋರ್ನಿಯಾದ 2,400 ಕೋಟಿ

ದುಡ್ಡು ಎಲ್ಲಿಗೆ ಹೋಯಿತು ಅನ್ನುವ ಪ್ರಶ್ನೆ ಎದ್ದಾಗಲೆಲ್ಲ ಬರುವ ಹೆಸರು ಕ್ಯಾಲಿಫೋರ್ನಿಯಾ. ಐದು ವರ್ಷದಲ್ಲಿ ಸುಮಾರು 2,400 ಕೋಟಿ ಡಾಲರ್ ಖರ್ಚಾಗಿದೆ, ಅದರಿಂದ ಏನಾಯಿತು ಅಂತ ರಾಜ್ಯ ಸರಿಯಾಗಿ ಲೆಕ್ಕ ಇಟ್ಟಿಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಆ ರಾಜ್ಯದ ಲೆಕ್ಕಪರಿಶೋಧಕರೇ ಹೇಳಿದರು. ಈ ವರದಿಯನ್ನು ದುಡ್ಡೆಲ್ಲ ನುಂಗಿಹಾಕಿದರು ಅಂತ ಓದಿದವರು ಬಹಳ. ವರದಿ ಹಾಗೆ ಹೇಳಿಲ್ಲ. ಫಲ ಬಂತೋ ಇಲ್ಲವೋ ಹೇಳಲು ಬೇಕಾದ ಮಾಹಿತಿಯನ್ನೇ ಸಂಗ್ರಹಿಸಿಲ್ಲ ಅನ್ನುವುದು ಅದರ ದೂರು. ನನ್ನ ಪ್ರಕಾರ ಇದೂ ಸಣ್ಣ ತಪ್ಪಲ್ಲ.

ಕಟ್ಟುವ ಖರ್ಚು ಇನ್ನೊಂದು ಕಥೆ. ಲಾಸ್ ಏಂಜಲೀಸ್‌ನ ಮತದಾರರು 2016ರ ನವೆಂಬರ್‌ನಲ್ಲಿ ನಗರ 120 ಕೋಟಿ ಡಾಲರ್ ಸಾಲ ಎತ್ತುವ ಬಾಂಡ್‌ಗೆ ಒಪ್ಪಿಗೆ ಕೊಟ್ಟರು. ಗುರಿ 10,000 ಮನೆ. ಮೊದಲ ಕಟ್ಟಡದ ಬಾಗಿಲು ತೆರೆಯಲು ಸುಮಾರು ಮೂರು ವರ್ಷ ಹಿಡಿಯಿತು. ಒಂದೊಂದು ಮನೆಯ ಖರ್ಚು ಸರಾಸರಿ 6 ಲಕ್ಷ ಡಾಲರ್ ಹತ್ತಿರ ಹೋಯಿತು. ಯಾಕೆ ಅಂದರೆ, ಆ ಬಾಂಡ್ ಖರ್ಚಿನ ಒಂದು ಪಾಲನ್ನು ಮಾತ್ರ ಕೊಡುತ್ತಿತ್ತು. ಉಳಿದದ್ದಕ್ಕೆ ರಾಜ್ಯದ ಸಾಲ, ಕೇಂದ್ರದ ತೆರಿಗೆ ರಿಯಾಯಿತಿ ಅಂತ ಒಂದೊಂದೇ ಬಾಗಿಲು ತಟ್ಟಬೇಕು. ಪ್ರತಿ ಬಾಗಿಲಿಗೂ ಬೇರೆ ಅರ್ಜಿ, ಬೇರೆ ಗಡುವು, ಬೇರೆ ನಿಯಮ, ಬೇರೆ ವಕೀಲ. ಅಷ್ಟರಲ್ಲಿ ಸಿಮೆಂಟು, ಕೂಲಿ, ಬಡ್ಡಿ ಎಲ್ಲ ಏರಿರುತ್ತದೆ. ಅಕ್ಕಪಕ್ಕದವರು ಇಲ್ಲಿ ಬೇಡ ಅಂತ ಕೇಸು ಹಾಕಿದರೆ ಇನ್ನೊಂದು ವರ್ಷ. ಕೋವಿಡ್ ಕಾಲದಲ್ಲಿ ಮೋಟೆಲ್‌ಗಳನ್ನು ಕೊಂಡು ಮನೆ ಮಾಡಿದ್ದು ಇದಕ್ಕಿಂತ ಅಗ್ಗವಾಯಿತು, ಬೇಗನೂ ಆಯಿತು.

ಕಟ್ಟದೆ ಬಾಡಿಗೆ ವೋಚರ್ ಕೊಟ್ಟರೆ? ಅದರಲ್ಲೂ ಸಿಕ್ಕುಗಳಿವೆ. ಆದಾಯದ ಪ್ರಕಾರ ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಸರ್ಕಾರಿ ಬಾಡಿಗೆ ನೆರವು ಸಿಗುವುದು ಸುಮಾರು ಒಂದಕ್ಕೆ. ವರ್ಷಗಟ್ಟಲೆ ಕಾದು ವೋಚರ್ ಸಿಕ್ಕಿತು ಅಂದುಕೊಳ್ಳಿ. ಆ ಕಾಗದದ ಆಯಸ್ಸು ಹಲವು ಕಡೆ ಶುರುವಿಗೆ 60 ದಿನ. ಅಷ್ಟರೊಳಗೆ ವೋಚರ್ ಒಪ್ಪುವ ಓನರ್ ಸಿಗಬೇಕು. ಬಾಡಿಗೆ ಸರ್ಕಾರದ ಮಿತಿಯೊಳಗೆ ಇರಬೇಕು. ಅರ್ಜಿಯಲ್ಲಿ ಹಿಂದಿನ ವಿಳಾಸ, ಹಿಂದಿನ ಓನರ್ ಫೋನ್ ನಂಬರ್, ಸಾಲದ ಇತಿಹಾಸ ಕೇಳುತ್ತಾರೆ. ಮೂರು ವರ್ಷ ಟೆಂಟಿನಲ್ಲಿದ್ದವಳು ಹಿಂದಿನ ವಿಳಾಸದ ಜಾಗದಲ್ಲಿ ಏನು ಬರೆಯಬೇಕು? ಗುರುತಿನ ಚೀಟಿ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಟೆಂಟಿನ ಜೊತೆಗೇ ಪೌರಕಾರ್ಮಿಕರ ಲಾರಿಗೆ ಹೋಗಿರುತ್ತವೆ. ಅವುಗಳ ನಕಲು ತರಿಸುವಷ್ಟರಲ್ಲಿ 60 ದಿನದಲ್ಲಿ ಅರ್ಧ ಮುಗಿದಿರುತ್ತದೆ.

ಬೀದಿಯಿಂದ ಎಬ್ಬಿಸುವ ಅಧಿಕಾರ

ಈ ಚರ್ಚೆಗೆ ಕಾವು ಬರಲು ಇನ್ನೊಂದು ಕಾರಣ 2024ರ ಜೂನ್ 28ರ ಸುಪ್ರೀಂ ಕೋರ್ಟ್ ತೀರ್ಪು. ಒರೆಗನ್ ರಾಜ್ಯದ ಗ್ರಾಂಟ್ಸ್ ಪಾಸ್ ಎಂಬ ಸಣ್ಣ ಊರು, ಸಾರ್ವಜನಿಕ ಜಾಗದಲ್ಲಿ ಹೊದ್ದು ಮಲಗಿದವರಿಗೆ 295 ಡಾಲರ್ ದಂಡ ಹಾಕುತ್ತಿತ್ತು. ಪದೇಪದೇ ಮಾಡಿದರೆ ಜೈಲೂ ಇತ್ತು. ಶೆಲ್ಟರ್ ಇಲ್ಲದಾಗಲೂ ಹೀಗೆ ಮಾಡಬಹುದು, ಇದು ಕ್ರೂರ ಶಿಕ್ಷೆ ಅನ್ನಿಸಿಕೊಳ್ಳುವುದಿಲ್ಲ ಎಂದು 6-3 ಮತದಲ್ಲಿ ತೀರ್ಪು ಬಂತು. ಅಲ್ಲಿಂದ ಹಲವು ಊರುಗಳು ಟೆಂಟು ನಿಷೇಧಿಸಿದವು. ಅಂಗಡಿಯ ಮುಂದಿನ ಜಾಗ ಖಾಲಿಯಾಗುತ್ತದೆ, ನಿಜ. ಆದರೆ ಕಟ್ಟದ ದಂಡ, ಪೊಲೀಸ್ ದಾಖಲೆ ಎರಡೂ ಮುಂದೆ ಬಾಡಿಗೆ ಮನೆ ಕೇಳುವಾಗ ಅಡ್ಡ ಬರುತ್ತವೆ. ಮನೆ ಹುಡುಕಿಕೊಡುತ್ತಿದ್ದ ಕೇಸ್ ವರ್ಕರ್‌ಗೆ ಆ ಮನುಷ್ಯ ಮತ್ತೆ ಎಲ್ಲಿ ಸಿಗುತ್ತಾನೆ ಅನ್ನುವುದೂ ಗೊತ್ತಾಗುವುದಿಲ್ಲ.

ಒಳಹರಿವು ತಡೆಯಬಹುದೇ?

ಮನೆ ಬಿಡುವ ಮುಂಚೆಯೇ ನೆರವಾದರೆ ಒಳ್ಳೆಯದು, ಅಗ್ಗ ಕೂಡ ಅಂತ ಯಾರಿಗಾದರೂ ಅನ್ನಿಸುತ್ತದೆ. ಶಿಕಾಗೊದಲ್ಲಿ ಇದನ್ನು ಅಳೆದಿದ್ದಾರೆ. ಬಾಡಿಗೆ ಕಟ್ಟಲಾಗದವರು ಒಂದು ಸಹಾಯವಾಣಿಗೆ ಕರೆ ಮಾಡುತ್ತಾರೆ. ಕೆಲವು ದಿನ ನಿಧಿಯಲ್ಲಿ ದುಡ್ಡಿರುತ್ತದೆ, ಕೆಲವು ದಿನ ಇರುವುದಿಲ್ಲ. ದುಡ್ಡಿದ್ದ ದಿನ ಕರೆ ಮಾಡಿದವರು ಆರು ತಿಂಗಳೊಳಗೆ ಶೆಲ್ಟರ್ ಸೇರುವುದು ನೂರಕ್ಕೆ 76ರಷ್ಟು ಕಡಿಮೆಯಾಗಿತ್ತು. ಒಂದೇ ಸಲ ಕೊಟ್ಟ ಸಣ್ಣ ಮೊತ್ತ ಅದು.

ಆದರೆ ಇಲ್ಲೊಂದು ಕೊಕ್ಕೆ ಇದೆ. ನೆರವು ಸಿಗದವರಲ್ಲೂ ಶೆಲ್ಟರ್ ಸೇರಿದವರು ನೂರಕ್ಕೆ ಎರಡು ಮಾತ್ರ. ಉಳಿದವರು ಯಾರದ್ದೋ ಕೈಕಾಲು ಹಿಡಿದು ಹೇಗೋ ನಿಭಾಯಿಸಿಕೊಂಡಿದ್ದರು. ಆ ಇಬ್ಬರು ಯಾರು ಅಂತ ಮುಂಚೆ ಗೊತ್ತಾಗುವುದಿಲ್ಲವಾದ್ದರಿಂದ ನೂರು ಜನಕ್ಕೂ ಕೊಡಬೇಕು. ಆಗ ಒಬ್ಬರನ್ನು ಶೆಲ್ಟರ್‌ನಿಂದ ತಪ್ಪಿಸುವ ಖರ್ಚು ಸುಮಾರು 10,300 ಡಾಲರ್ ಆಯಿತು. ಬೀದಿಯಲ್ಲಿ ವರ್ಷಗಟ್ಟಲೆ ಇರುವವರ ಖರ್ಚಿಗೆ ಹೋಲಿಸಿದರೆ ಇದು ಕಡಿಮೆಯೇ, ಆದರೆ ಮೊದಲು ಕೇಳಿದಾಗ ಅನ್ನಿಸುವಷ್ಟು ಅಗ್ಗವಲ್ಲ.

ಒಳಹರಿವು ಮತ್ತು ಹೊರಹರಿವು ಎರಡನ್ನೂ ಒಟ್ಟಿಗೆ ಹಿಡಿದದ್ದು ಫಿನ್‌ಲ್ಯಾಂಡ್. 2008ರಲ್ಲಿ ಅಲ್ಲಿ ಸುಮಾರು 8,000 ಜನ ಮನೆಯಿಲ್ಲದವರಿದ್ದರು. 2023ಕ್ಕೆ ಅದು 3,429ಕ್ಕೆ ಇಳಿಯಿತು. ಹೌಸಿಂಗ್ ಫಸ್ಟ್‌ನಿಂದ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಕಥೆ. ಅಲ್ಲಿ ಶೆಲ್ಟರ್‌ಗಳನ್ನೇ ಒಡೆದು ಮನೆಗಳಾಗಿ ಮಾಡಿದರು. ಹೆಲ್ಸಿಂಕಿ ನಗರದ ಕೈಯಲ್ಲೇ ಸಾವಿರಾರು ಬಾಡಿಗೆ ಮನೆಗಳಿದ್ದವು, ಪ್ರತಿವರ್ಷ ಇನ್ನಷ್ಟು ಕಟ್ಟುತ್ತಲೂ ಇದ್ದರು. ಬಾಡಿಗೆ ಭತ್ಯೆ ಅರ್ಹರಾದ ಎಲ್ಲರಿಗೂ ಸಿಗುತ್ತಿತ್ತು, ನಾಲ್ಕರಲ್ಲಿ ಒಬ್ಬರಿಗೆ ಅಲ್ಲ. ಆಮೇಲೆ ಹೊಸ ಸರ್ಕಾರ ಭತ್ಯೆಗಳನ್ನು ಇಳಿಸಿತು. 2024ರಲ್ಲಿ ಸಂಖ್ಯೆ 3,806ಕ್ಕೆ ಏರಿತು, ಹತ್ತಕ್ಕೂ ಜಾಸ್ತಿ ವರ್ಷಗಳಲ್ಲಿ ಮೊದಲ ಏರಿಕೆ. ತೂಬು ಅದೇ ಇತ್ತು, ಮೇಲಿನ ಹಳ್ಳ ತುಂಬಿ ಬಂತು.

30ರ ಮಿತಿ ಜಾರಿಗೆ ಬಂದರೆ

ಟೀಕಾಕಾರರ ಒಂದು ಮಾತನ್ನು ಒಪ್ಪಲೇಬೇಕು. ಹಲವು ಕಡೆ ಹೌಸಿಂಗ್ ಫಸ್ಟ್ ಅನ್ನುವುದು ಬರೀ ಹೌಸಿಂಗ್ ಆಗಿ ಉಳಿದಿದೆ. ಸೆಂಬೆರಿಸ್ ಅವರ ಮೂಲ ಪದ್ಧತಿಯಲ್ಲಿ ವೈದ್ಯರು, ನರ್ಸ್ ಇರುವ ತಂಡವಿತ್ತು, ಸುಮಾರು 10 ಜನಕ್ಕೆ ಒಬ್ಬ ಸಿಬ್ಬಂದಿ. ಈಗಿನ ಅನುದಾನ ಬಹುಪಾಲು ಬಾಡಿಗೆಗೇ ಮುಗಿಯುತ್ತದೆ. ಬಾಸ್ಟನ್‌ನ ಅಧ್ಯಯನದಲ್ಲಿ ಮನೆ ಉಳಿಸಿಕೊಂಡವರು ನೂರಕ್ಕೆ 36ಕ್ಕೆ ಇಳಿದದ್ದರ ಹಿಂದೆ ಇಂಥ ಕೊರತೆಯೂ ಇರಬಹುದು. ಚಿಕಿತ್ಸೆಗೆ ಹೆಚ್ಚು ದುಡ್ಡು ಬೇಕು ಅನ್ನುವುದು ಸರಿ. ಅದನ್ನು ಬಾಡಿಗೆಯ ದುಡ್ಡಿನಿಂದಲೇ ಕಿತ್ತು ಕೊಡಬೇಕು ಅನ್ನುವಲ್ಲಿ ನನಗೆ ಹೊಂದಿಕೆಯಾಗುವುದಿಲ್ಲ.

ತಾತ್ಕಾಲಿಕ ವಸತಿ ಕಾಯಂ ಮನೆಗಿಂತ ವಾಸಿ ಅನ್ನಲು ಪುರಾವೆಯೂ ಕಡಿಮೆ. ಹಡ್ ಇಲಾಖೆಯೇ 2010ರಲ್ಲಿ ಶುರು ಮಾಡಿ 12 ಕಡೆ 2,282 ಕುಟುಂಬಗಳ ಮೇಲೆ ಇದನ್ನು ಪರೀಕ್ಷಿಸಿತ್ತು. ಬಾಡಿಗೆ ವೋಚರ್ ಸಿಕ್ಕ ಕುಟುಂಬಗಳು ಮತ್ತೆ ಬೀದಿಗೆ ಬರುವುದು ಅರ್ಧಕ್ಕಿಂತ ಕಡಿಮೆಯಾಯಿತು. ತಾತ್ಕಾಲಿಕ ವಸತಿಯಿಂದ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ತಾತ್ಕಾಲಿಕ ವಸತಿಗೆ 24 ತಿಂಗಳ ಮಿತಿ. ಕುಡಿತ ಬಿಟ್ಟು, ತರಬೇತಿ ಮುಗಿಸಿ ಹೊರಗೆ ಬಂದವರು ಸೇರುವುದು ಅದೇ ಬಾಡಿಗೆ ಮಾರುಕಟ್ಟೆಯನ್ನು. ಅಲ್ಲಿ ಅವರಿಗೆ ಕೈಗೆಟುಕುವ ಮನೆ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ.

ಮೊದಲು ಪೆಟ್ಟು ಬೀಳುವುದು ಈಗಾಗಲೇ ಮನೆಯಲ್ಲಿ ಇರುವವರಿಗೆ. ಈ ಅನುದಾನದ ಬಹುಪಾಲು ಹೊಸ ಮನೆ ಕಟ್ಟಲು ಹೋಗುವುದಿಲ್ಲ. ಒಳಗೆ ವಾಸ ಇರುವವರ ತಿಂಗಳ ಬಾಡಿಗೆಗೆ ಹೋಗುತ್ತದೆ, ಪ್ರತಿ ವರ್ಷ ನವೀಕರಣವಾಗುತ್ತದೆ. ಒಂದೊಂದು ಸಂಸ್ಥೆಯ ಅವಧಿ ಒಂದೊಂದು ತಿಂಗಳಿಗೆ ಮುಗಿಯುವುದರಿಂದ ಇದು ಒಂದೇ ದಿನದ ದೊಡ್ಡ ಸುದ್ದಿಯಾಗುವುದೂ ಇಲ್ಲ. ಒಂದು ತಿಂಗಳು ಇಲ್ಲಿ 40 ಮನೆ, ಇನ್ನೊಂದು ತಿಂಗಳು ಅಲ್ಲಿ 25 ಮನೆ ಅನ್ನುವ ಹಾಗೆ ನಡೆಯುತ್ತದೆ. ಓನರ್‌ಗೆ ಯಾವ ಪದ್ಧತಿ ಸರಿ ಅನ್ನುವ ಚರ್ಚೆ ಬೇಕಿಲ್ಲ. ಒಂದನೇ ತಾರೀಕು ಬಾಡಿಗೆ ಬರಲಿಲ್ಲ ಅಂದರೆ ಕ್ಯಾಲಿಫೋರ್ನಿಯಾದಂಥ ಕಡೆ ಅವನು ಮೂರು ದಿನದ ನೋಟಿಸ್ ಕೊಡಬಹುದು.

ಹಾಗೆ ಹೊರಬಿದ್ದವರು ಮತ್ತೆ ಅರ್ಜಿ ಹಾಕಬಹುದಲ್ಲ ಅಂದರೆ, ಹಡ್ ನಿಯಮದಲ್ಲಿ 'ಬಹಳ ಕಾಲದಿಂದ ಮನೆಯಿಲ್ಲದವರು' ಅನ್ನುವುದಕ್ಕೆ ಒಂದು ಅಳತೆ ಇದೆ. ಕಾಯಿಲೆ ಅಥವಾ ಅಂಗವೈಕಲ್ಯ ಇರಬೇಕು. ಜೊತೆಗೆ ಒಂದೇ ಸಮನೆ 12 ತಿಂಗಳು, ಇಲ್ಲವೇ ಮೂರು ವರ್ಷದಲ್ಲಿ ನಾಲ್ಕು ಸಲ ಸೇರಿ 12 ತಿಂಗಳು ಬೀದಿ ಅಥವಾ ಶೆಲ್ಟರ್‌ನಲ್ಲಿ ಕಳೆದಿರಬೇಕು. ಐದು ವರ್ಷ ಮನೆಯಲ್ಲಿದ್ದು ಈಗ ಹೊರಬಿದ್ದವಳ ಲೆಕ್ಕ ಸೊನ್ನೆಯಿಂದ ಶುರು. ಬಿಟ್ಟು ಬಂದಂಥದ್ದೇ ಇನ್ನೊಂದು ಮನೆ ಕೇಳಲು ಅವಳು ಸಾಮಾನ್ಯವಾಗಿ ಮೊದಲು ಒಂದು ವರ್ಷ ಬೀದಿಯಲ್ಲೋ ಶೆಲ್ಟರ್‌ನಲ್ಲೋ ಮಲಗಬೇಕು.